ಸೆಟಲ್‌ಗೆ ಹೊರಟವರು ಮೊದಲು ವಾಪಸ್ ರೈಲು ನೋಡಿಕೊಳ್ಳಿ

ಅಕ್ಟೋಬರಿನ ಕೊನೆಯ ಭಾನುವಾರ. ಇಂಗ್ಲೆಂಡಿನ ಲೀಡ್ಸಿನಿಂದ ಸೆಟಲ್ ಎಂಬ ಊರು ನೋಡಲು ಹೋದ ಐದು ಜನರ ಕನ್ನಡ ಕುಟುಂಬವೊಂದು ಸಂಜೆ ಕತ್ತಲಲ್ಲಿ ಬೆಟ್ಟ ಇಳಿಯುತ್ತಿತ್ತು. ಮಗನ ಕಣಕಾಲು ಊದಿತ್ತು, ಅಜ್ಜಿಗೆ ಚಳಿ ಹತ್ತಿತ್ತು, ಇದ್ದದ್ದು ಎರಡು ಮೊಬೈಲ್ ಬೆಳಕು. ಹತ್ತಬೇಕಿದ್ದ ರೈಲು ಹೋಗಿಯಾಗಿತ್ತು. ದೊಡ್ಡ ತಪ್ಪು ಒಂದೂ ಆಗಿರಲಿಲ್ಲ. ಸಣ್ಣವು ಐದಾರು ಆಗಿದ್ದವು.

ಮೊದಲನೆಯದು ವಾರ. ಸೆಟಲ್ ಉತ್ತರ ಯಾರ್ಕ್‌ಷೈರಿನ ಹಳೆಯ ಸಂತೆ ಊರು. 1249ರಲ್ಲಿ, ಮೂರನೇ ಹೆನ್ರಿಯ ಕಾಲದಲ್ಲಿ, ಸಂತೆಯ ಹಕ್ಕು ಪಡೆದದ್ದು. ಈಗಲೂ ಸಂತೆ ಕೂಡುವುದು ಮಂಗಳವಾರ. ನಮ್ಮಲ್ಲಿ ಒಂದೊಂದು ಊರಿಗೆ ಒಂದೊಂದು ಸಂತೆ ದಿನ ಇದ್ದ ಹಾಗೆ ಇಲ್ಲೂ ಇದೆ. ಭಾನುವಾರ ಹೋದವರಿಗೆ ಸಿಕ್ಕಿದ್ದು ಖಾಲಿ ಚೌಕ, ಅರ್ಧ ಮುಚ್ಚಿದ ಅಂಗಡಿಗಳು. ಅದೂ ಅಲ್ಲದೆ ಭಾನುವಾರ ರೈಲು ಕಡಿಮೆ.

ಎರಡನೆಯದು ಸ್ಟೇಷನ್. ಸೆಟಲ್ ಸ್ಟೇಷನ್ ಇರುವುದು ಕಾರ್ಲೈಲ್ ಕಡೆಗೆ ಹೋಗುವ ಹಳಿಯ ಮೇಲೆ, ಚೌಕದಿಂದ ಐದಾರು ನಿಮಿಷದ ನಡಿಗೆ. ಲೀಡ್ಸಿನಿಂದ ಮೋರ್ಕಂಬ್ ಕಡೆಗೆ ಹೋಗುವ ರೈಲು ಸೆಟಲ್‌ನಲ್ಲಿ ನಿಲ್ಲುವುದಿಲ್ಲ, ಗಿಗಲ್ಸ್‌ವಿಕ್‌ನಲ್ಲಿ ನಿಲ್ಲುತ್ತದೆ. ಅದು ಊರಾಚೆ, ದೊಡ್ಡ ರಸ್ತೆಯ ಪಕ್ಕ. ಅಲ್ಲಿಂದ ಊರೊಳಗೆ ಬರಲು ಅರ್ಧ ಗಂಟೆ ಹಿಡಿದುಕೊಳ್ಳಿ. ಎರಡೂ ರೈಲು ಸ್ಕಿಪ್ಟನ್ ದಾಟುವವರೆಗೆ ಒಂದೇ ದಾರಿಯಲ್ಲಿ ಹೋಗುವುದರಿಂದ ಹತ್ತುವಾಗ ಬೋರ್ಡ್ ನೋಡದಿದ್ದರೆ ಗೊತ್ತೇ ಆಗುವುದಿಲ್ಲ.

ಮೂರನೆಯದು ಟಿಕೆಟ್. ಅಗ್ಗ ಅಂತ ಕೊಳ್ಳುವ ಅಡ್ವಾನ್ಸ್ ಟಿಕೆಟ್ ಅದರ ಮೇಲೆ ಬರೆದ ರೈಲಿಗೆ ಮಾತ್ರ. ಬೇರೆ ರೈಲಿನಲ್ಲಿ ಸಿಕ್ಕಿಬಿದ್ದರೆ ಟಿಕೆಟ್ಟೇ ಇಲ್ಲದವರ ಸಾಲಿಗೆ ಸೇರಿಸಬಹುದು. 2023ರ ಜನವರಿಯಿಂದ ಇಂಗ್ಲೆಂಡಿನಲ್ಲಿ ಆ ದಂಡ 100 ಪೌಂಡ್, ಮೇಲೆ ಪ್ರಯಾಣದ ದರ. 21 ದಿನದೊಳಗೆ ಕಟ್ಟಿದರೆ 100 ಇದ್ದದ್ದು 50 ಆಗುತ್ತದೆ. ಬೆಟ್ಟ ಹತ್ತುವವರು ಅದೇ ದಿನ ಹೋಗಿ ಬರುವ ರಿಟರ್ನ್ ಟಿಕೆಟ್ ತೆಗೆದುಕೊಳ್ಳಲಿ, ನಾಲ್ಕು ಪೌಂಡ್ ಹೆಚ್ಚಾದರೂ ಪರವಾಗಿಲ್ಲ.

ಇಷ್ಟೆಲ್ಲ ಆದಮೇಲೆ, ಸಂತೆ ಹೊತ್ತಿಗೆ ಮೂರು ಮೊಳ ನೇಯ್ದ ಹಾಗೆ, ಮಧ್ಯಾಹ್ನ ಎರಡು ಗಂಟೆಗೆ ಅವರು ಊರ ಪಕ್ಕದ ಬೆಟ್ಟದಲ್ಲಿರುವ ವಿಕ್ಟೋರಿಯಾ ಗುಹೆ, ಅಟರ್‌ಮೈರ್ ಬಂಡೆಗಳ ಸುತ್ತು ಹೊರಟರು. 1.3 ಲಕ್ಷ ವರ್ಷ ಹಿಂದಿನ ನೀರಾನೆ, ಘೇಂಡಾಮೃಗ, ಕತ್ತೆಕಿರುಬದ ಮೂಳೆ ಸಿಕ್ಕಿದ ಗುಹೆ ಅದು. ಯಾರಿಗಾದರೂ ಆಸೆ ಆಗುತ್ತದೆ. ಆದರೆ ಗುಹೆಯ ಬಾಯಲ್ಲಿ ಕಲ್ಲು ಉದುರುತ್ತದೆ, ಹೊರಗಿನಿಂದ ನೋಡಿ ಬನ್ನಿ.

ಇಲ್ಲಿ ಲೆಕ್ಕ ಹಾಕಬೇಕಿತ್ತು. ಸುತ್ತು ಸುಮಾರು 9 ಕಿಲೋಮೀಟರ್, ಏರು ಸುಮಾರು 300 ಮೀಟರ್. ಗಂಟೆಗೆ 5 ಕಿಲೋಮೀಟರ್, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ ಎನ್ನುವುದು ಬೆಟ್ಟದವರ ಹಳೆಯ ಲೆಕ್ಕ. ಅದರ ಪ್ರಕಾರ 2 ಗಂಟೆ 20 ನಿಮಿಷ. ಅದು ಗಟ್ಟಿ ಕಾಲಿನವರಿಗೆ. ಅಜ್ಜಿ, ಮಕ್ಕಳು ಇದ್ದರೆ ಒಂದೂವರೆ ಪಟ್ಟು, ಅಂದರೆ ಮೂರೂವರೆ ಗಂಟೆ. ಅಲ್ಲಿಗೆ ಸಂಜೆ ಐದೂವರೆ. ಆ ಭಾನುವಾರ ನಸುಕಿನಲ್ಲೇ ಬ್ರಿಟನ್ನಿನ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ. ಹಿಂದಿನ ದಿನ ಆರರ ಹತ್ತಿರ ಇಳಿದಿದ್ದ ಸೂರ್ಯ ಅವತ್ತು ಐದಕ್ಕೂ ಮೊದಲೇ ಮುಳುಗಿದ. ಡಿಸೆಂಬರಿನಲ್ಲಂತೂ ನಾಲ್ಕಕ್ಕೆ ಮೊದಲೇ ಮುಳುಗುತ್ತಾನೆ.

ಇನ್ನು ಹಸುಗಳ ವಿಷಯ. ದಾರಿ ಹೋಗುವುದೇ ಮೇಯುವ ಹೊಲಗಳ ನಡುವೆ. ನಮಗೆ ಹಸು ಕಂಡರೆ ಬೆನ್ನು ಸವರಿ ಕಣ್ಣಿಗೆ ಒತ್ತಿಕೊಳ್ಳುವ ಅಭ್ಯಾಸ. ಇಲ್ಲಿ ಕೈ ಚಾಚಬೇಡಿ. ಬೆಟ್ಟದ ಹೊಲಗಳಲ್ಲಿರುವುದು ಹೆಚ್ಚಾಗಿ ಮಾಂಸಕ್ಕೆ ಸಾಕಿದ ತಳಿ. ಹಾಲು ಕರೆಯುವುದಿಲ್ಲವಾದ್ದರಿಂದ ಮನುಷ್ಯರ ಕೈ ರೂಢಿಯಿಲ್ಲ, ಕರು ತಿಂಗಳುಗಟ್ಟಲೆ ತಾಯಿಯ ಜೊತೆಗೇ ಇರುತ್ತದೆ. ತಾಯಿ ಮತ್ತು ಕರುವಿನ ನಡುವೆ ಹೋದವರನ್ನು ತುಳಿದು ಸಾಯಿಸಿದ ಘಟನೆಗಳು ಈ ದೇಶದಲ್ಲಿ ನಡೆದಿವೆ. ತಲೆ ತಗ್ಗಿಸಿ, ನೆಲ ಕೆರೆದು ನಿಮ್ಮ ಕಡೆಗೇ ತಿರುಗಿದರೆ ಓಡಬೇಡಿ, ಬೆನ್ನು ಹಾಕಬೇಡಿ, ಗೋಡೆಯಂಚಿಗೆ ಸರಿದು ಹತ್ತಿರದ ಗೇಟಿನಿಂದ ಆಚೆ ಹೋಗಿ. ಜೊತೆಗೆ ನಾಯಿ ಇದ್ದರೆ ಹಸು ಮೇಲೆ ಬಿದ್ದ ಕ್ಷಣ ಹಗ್ಗ ಬಿಟ್ಟುಬಿಡಿ, ಅದು ಓಡಿ ತಪ್ಪಿಸಿಕೊಳ್ಳುತ್ತದೆ. ಗೇಟು ಹೇಗಿತ್ತೋ ಹಾಗೇ ಬಿಡಬೇಕು. ಗಾರೆಯಿಲ್ಲದೆ ಪೇರಿಸಿದ ಕಲ್ಲುಗೋಡೆ ಹತ್ತಬಾರದು, ಕಲ್ಲು ಕಾಲ ಮೇಲೇ ಬರುತ್ತದೆ. ಹತ್ತಿ ದಾಟಲು ಮಲೆನಾಡಿನ ತಡಬೆಯಂಥ ಮೆಟ್ಟಿಲು ಅಲ್ಲಲ್ಲಿ ಇರುತ್ತದೆ, ಎರಡು ಹೆಜ್ಜೆ ಹೆಚ್ಚು ನಡೆದರೆ ಸಿಗುತ್ತದೆ.

ಮಗನ ಕಾಲು ಉಳುಕಿದ್ದು ಸುಣ್ಣಕಲ್ಲಿನ ಹಾಸಿನ ಮೇಲೆ. ಮಳೆ ನೀರು ಕಲ್ಲನ್ನು ಕರಗಿಸಿ ಕೊರೆದ ಸೀಳುಗಳು ಅರ್ಧ ಮೀಟರಿನಿಂದ ಆಳೆತ್ತರದವರೆಗೆ ಇಳಿದಿರುತ್ತವೆ. ಒಳಗೆ ಜರೀಗಿಡ ಬೆಳೆದು ಬಾಯಿ ಮುಚ್ಚಿರುತ್ತದೆ. ಒದ್ದೆಯಾದ ಆ ಕಲ್ಲು ಪಾಚಿ ಕಟ್ಟಿದ ಬಚ್ಚಲಿಗಿಂತ ಕಡೆ. ಕ್ಯಾನ್ವಾಸ್ ಶೂ ಸಾಲದು, ಕಣಕಾಲು ಮುಚ್ಚುವ, ಅಡಿಯಲ್ಲಿ ಅಚ್ಚಿರುವ ಬೂಟು ಬೇಕು. ಮಳೆ ಬಂದಿದ್ದರೆ ಹಾಸನ್ನು ಬಿಟ್ಟು ಹುಲ್ಲಿನ ದಾರಿ ಹಿಡಿಯಿರಿ.

ಬಂಡೆಗಳ ಹಿಂದೆ ಮೊಬೈಲ್ ಸಿಗ್ನಲ್ ಹೋಗುತ್ತದೆ, ಜೊತೆಗೆ ನಕ್ಷೆಯೂ. ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್‌ನೆನ್ಸ್ ಸರ್ವೆಯ ಓಎಲ್ 2 ಎಂಬ ಕಾಗದದ ನಕ್ಷೆ ಕೊಳ್ಳಿ. ಅದರಲ್ಲಿ 4 ಸೆಂಟಿಮೀಟರ್ ಅಂದರೆ 1 ಕಿಲೋಮೀಟರ್. ಹಸಿರು ತುಂಡುಗೆರೆಗಳೇ ಎಲ್ಲರಿಗೂ ಹಕ್ಕಿರುವ ದಾರಿ. ಕಪ್ಪು ತುಂಡುಗೆರೆ ಕಾಲುದಾರಿ ಇದೆ ಎಂದಷ್ಟೇ ಹೇಳುತ್ತದೆ, ಹೋಗುವ ಹಕ್ಕಿದೆ ಎಂದಲ್ಲ. ಪೆಟ್ಟಾದರೆ ತುರ್ತು ಸಂಖ್ಯೆ 999ಕ್ಕೆ ಕರೆ ಮಾಡಿ ಮೊದಲು ಪೊಲೀಸ್, ಆಮೇಲೆ ಮೌಂಟನ್ ರೆಸ್ಕ್ಯೂ, ಅಂದರೆ ಬೆಟ್ಟದ ರಕ್ಷಣಾ ತಂಡ, ಕೇಳಬೇಕು. ನೇರ ಆಂಬುಲೆನ್ಸ್ ಕೇಳಿದರೆ ಅದು ರಸ್ತೆವರೆಗೆ ಬಂದು ನಿಲ್ಲಬಹುದು. ಈ ಭಾಗಕ್ಕೆ ಬರುವವರು ಕ್ಲಾಪಮ್ ಹಳ್ಳಿಯ ಸ್ವಯಂಸೇವಕರು, 1935ರಿಂದ ಇರುವ ತಂಡ, ಹಣ ಕೇಳುವುದಿಲ್ಲ. ಕರೆ ಹೋಗದ ಕಡೆ ಎಸ್‌ಎಂಎಸ್ ಹೋಗುವುದುಂಟು. ಅದಕ್ಕೆ ಮನೆಯಲ್ಲೇ ಇಂಗ್ಲಿಷಿನಲ್ಲಿ 'ರಿಜಿಸ್ಟರ್' ಎಂದು 999ಕ್ಕೆ ಕಳಿಸಿ ನೋಂದಾಯಿಸಿಕೊಂಡಿರಬೇಕು. ಸೀಟಿಯಾದರೆ ನಿಮಿಷಕ್ಕೆ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ.

ಕೊನೆಗೆ ಹೊಟ್ಟೆ. ಪಬ್ಬುಗಳ ಅಡುಗೆಮನೆ ಮಧ್ಯಾಹ್ನ ಎರಡು-ಎರಡೂವರೆಗೆ ಮುಚ್ಚಿದರೆ ಎಷ್ಟೋ ಕಡೆ ಸಂಜೆವರೆಗೆ ತೆರೆಯುವುದಿಲ್ಲ, ಕೆಫೆಗಳು ನಾಲ್ಕಕ್ಕೆಲ್ಲ ಕುರ್ಚಿ ಎತ್ತಿಡುತ್ತವೆ. ಚಿಪ್ಸ್ ಅಂದರೆ ಆಲೂಗಡ್ಡೆ ತಾನೇ ಎಂದು ಸಸ್ಯಾಹಾರಿಗಳು ಕಣ್ಣು ಮುಚ್ಚಿ ತಿನ್ನಬೇಡಿ. ಯಾರ್ಕ್‌ಷೈರಿನ ಬಹಳಷ್ಟು ಅಂಗಡಿಗಳಲ್ಲಿ ಕರಿಯುವುದು ದನದ ಕೊಬ್ಬಿನಲ್ಲಿ, ಅದೇ ರುಚಿ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಯಾವುದರಲ್ಲಿ ಕರಿಯುತ್ತೀರಿ ಎಂದು ಕೇಳಿದರೆ ಬೇಜಾರಿಲ್ಲದೆ ಹೇಳುತ್ತಾರೆ. ಅಜ್ಜಿ ಕೇಳಿದ್ದು ಅರ್ಧ ಪೊಟ್ಟಣ ಖಾಲಿಯಾದ ಮೇಲೆ.