ನೀರಿಗೂ ಇಳಿಯುವ ಬಂಡಿಗೆ ನಾವೇ ಮಾಡಿಕೊಂಡ ಮಾರ್ಪಾಡುಗಳು, ಮತ್ತು ಅದು ಮಗುಚಿದ ಬಗೆ

ನೆಲದ ಮೇಲೂ ನೀರಿನಲ್ಲೂ ಓಡುವ ಆರು ಚಕ್ರದ ಹಳೆಯ ಬಂಡಿಯೊಂದನ್ನು ಕೊಂಡು, ಅದಕ್ಕೆ ಶೆಡ್ಡಿನಲ್ಲೇ ನಾಲ್ಕು ಹೊಸ ಭಾಗಗಳನ್ನು ಜೋಡಿಸಿ, ಕೆರೆಯ ನಡುವೆ ಅದರೊಂದಿಗೇ ತಲೆಕೆಳಗಾದವನು ನಾನು. ಜೊತೆಗಿದ್ದ ಗೆಳೆಯನೂ ನಾನೂ ಬದುಕಿ ಬಂದೆವು. ಇಂಥ ಬಂಡಿಯ ಮುಂದೆ ಡ್ರಿಲ್ ಹಿಡಿದು ಕೂರುವವರು ನಮ್ಮ ತಪ್ಪುಗಳ ಸರಪಳಿಯನ್ನು ಒಮ್ಮೆ ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಸರಪಳಿ ಎಂದೆ, ಏಕೆಂದರೆ ಆ ನಾಲ್ಕರಲ್ಲಿ ಯಾವುದೊಂದೂ ತಾನಾಗಿ ನಮ್ಮನ್ನು ನೀರಿಗೆ ಕೆಡವುತ್ತಿರಲಿಲ್ಲ. ಒಂದನ್ನು ಜೋಡಿಸುವಾಗ ನಾವು ನಂಬಿದ್ದ ಲೆಕ್ಕವನ್ನು ಮುಂದಿನದು ಸುಳ್ಳು ಮಾಡುತ್ತಾ ಹೋಯಿತು.

ಈ ಬಂಡಿಗಳ ಒಡಲು ಸಾಮಾನ್ಯವಾಗಿ ದಪ್ಪ ಪಾಲಿಎಥಿಲೀನ್ ಪ್ಲಾಸ್ಟಿಕ್‌ನ ಒಂದು ತೊಟ್ಟಿ. ಆ ತೊಟ್ಟಿಯೇ ದೋಣಿ. ಅಗಲವಾದ, ತೀರ ಕಡಿಮೆ ಗಾಳಿ ತುಂಬಿದ ಟೈರುಗಳು ನೆಲದಲ್ಲಿ ಕೆಸರನ್ನು ತುಳಿಯುತ್ತವೆ, ನೀರಿನಲ್ಲಿ ಹುಟ್ಟುಗಳಂತೆ ನೀರನ್ನು ಹಿಂದಕ್ಕೆ ತಳ್ಳುತ್ತವೆ. ಆದರೆ ಟೈರಿನ ಬಲದಿಂದ ಸಿಗುವ ವೇಗ ಗಂಟೆಗೆ 4-5 ಕಿ.ಮೀ. ಮಾತ್ರ, ಅಂದರೆ ಮನುಷ್ಯರ ನಡಿಗೆಯ ವೇಗ. ಎದುರುಗಾಳಿ ಬೀಸಿದರೆ ಅದೂ ಇಲ್ಲ. ನಮಗೆ ಬೇಸರ ತರಿಸಿದ್ದು ಈ ನಿಧಾನವೇ. ಹಾಗಾಗಿ ಹಿಂಬದಿಗೆ ಸಣ್ಣದೊಂದು ಔಟ್‌ಬೋರ್ಡ್ ಮೋಟರ್, ಅಂದರೆ ದೋಣಿಯ ಹಿಂದೆ ಹೊರಗಡೆ ಸಿಕ್ಕಿಸುವ ಎಂಜಿನ್, ತೂಗುಹಾಕಲು ನಿರ್ಧರಿಸಿದೆವು. ಕೈ ಹಾಕಿದ ಮೇಲೆ ಉಳಿದದ್ದೂ ಆಗಲಿ ಎಂದು ಉಕ್ಕಿನ ಕೊಳವೆಗಳಿಂದ ರಕ್ಷಣಾ ಪಂಜರವನ್ನು ಬೆಸೆದೆವು, ಹೂತ ಬಂಡಿಯನ್ನು ಹಗ್ಗ ಸುತ್ತಿ ಎಳೆಯುವ ವಿಂಚನ್ನು ಮುಂದುಗಡೆ ಕೂರಿಸಿದೆವು, ಆ ವಿಂಚ್‌ಗೆ ಸಾಲದೆಂದು ಎರಡನೆಯ ಬ್ಯಾಟರಿಯನ್ನೂ ಇಟ್ಟೆವು.

ತೂಕದ ಲೆಕ್ಕವನ್ನು ನಾವು ಮಾಡಿಯೇ ಇರಲಿಲ್ಲ ಎಂದಲ್ಲ, ತಪ್ಪಾಗಿ ಮಾಡಿದ್ದೆವು. ಪಂಜರ 38 ಕಿಲೋ, ಮೋಟರ್ ಮತ್ತು ಅದರ ಚೌಕಟ್ಟು 34, ಬ್ಯಾಟರಿ 18, ವಿಂಚ್ ಮತ್ತು ತಗಡು 16. ಒಟ್ಟು 106 ಕಿಲೋ, ಅಂದರೆ ಇನ್ನೊಬ್ಬ ದಪ್ಪ ಮನುಷ್ಯ ಕೂತಂತೆ, ಅಷ್ಟೇ ಎಂದುಕೊಂಡೆವು. ನೀರು ಹಾಗೆ ಎಣಿಸುವುದಿಲ್ಲ. ನಮ್ಮ ತೊಟ್ಟಿ ನೀರಿನ ಮಟ್ಟದಲ್ಲಿ ಹೆಚ್ಚುಕಡಿಮೆ 3 ಚದರ ಮೀಟರ್ ವಿಸ್ತಾರವಾಗಿದೆ. ಅದು ಒಂದು ಸೆಂಟಿಮೀಟರ್ ಇಳಿಯಬೇಕಾದರೆ 30 ಲೀಟರ್ ನೀರು, ಎಂದರೆ 30 ಕಿಲೋ, ಪಕ್ಕಕ್ಕೆ ಸರಿಯಬೇಕು. ಹೀಗೆ 106 ಕಿಲೋ ಎಂದರೆ ಮೂರೂವರೆ ಸೆಂಟಿಮೀಟರ್, ಅದೂ ಭಾರ ಸಮನಾಗಿ ಹಂಚಿದ್ದರೆ. ನಮ್ಮದರಲ್ಲಿ ಮೋಟರ್ ತೊಟ್ಟಿಯಿಂದಲೇ ಹೊರಗೆ ಹಿಂದಕ್ಕೆ ಚಾಚಿ ತೂಗುತ್ತಿತ್ತು, ಬ್ಯಾಟರಿಯೂ ಹಿಂಬದಿಯಲ್ಲೇ ಇತ್ತು, ಪಂಜರವಂತೂ ಎಲ್ಲಕ್ಕಿಂತ ಎತ್ತರದಲ್ಲಿತ್ತು. ಬಂಡಿಯ ಕೈಪಿಡಿಯಲ್ಲಿ ನೆಲದ ಮೇಲೆ ಹೊರಬಹುದಾದ ಭಾರ ಒಂದು, ನೀರಿನಲ್ಲಿ ಹೊರಬಹುದಾದ ಭಾರ ಅದಕ್ಕಿಂತ ಕಡಿಮೆಯ ಇನ್ನೊಂದು ಎಂದು ಬೇರೆ ಬೇರೆಯಾಗಿಯೇ ಮುದ್ರಿಸಿದ್ದರು. ಜೋಡಿಸಿದ ಪ್ರತಿಯೊಂದು ವಸ್ತುವೂ ಆ ಎರಡನೆಯ ಅಂಕಿಯಿಂದಲೇ ಕಳೆಯಬೇಕಾದದ್ದು ಎಂಬುದನ್ನು ನಾವು ಓದಿದ್ದು ಅಪಘಾತದ ಮರುವಾರ.

ಮೋಟರಿನ ಚೌಕಟ್ಟಿಗೆ ಎಂಟು ಬೋಲ್ಟ್‌ಗಳು ಬೇಕಿದ್ದವು. ಬಂಡಿ ಖಾಲಿಯಿದ್ದಾಗ ಅದನ್ನು ನೀರಿಗಿಳಿಸಿ, ಹಿಂಬದಿಯಲ್ಲಿ ನೀರು ಮುಟ್ಟುವ ಗೆರೆಯನ್ನು ಸೀಮೆಸುಣ್ಣದಿಂದ ಗುರುತಿಸಿ, ಕೆಳಗಿನ ಸಾಲಿನ ನಾಲ್ಕು ರಂಧ್ರಗಳು ಆ ಗೆರೆಯಿಂದ ನಾಲ್ಕು ಸೆಂಟಿಮೀಟರ್ ಮೇಲಿರುವಂತೆ ಕೊರೆದೆವು. ಎಷ್ಟು ಜಾಗರೂಕರು ನಾವು ಎಂದು ಒಳಗೊಳಗೇ ಹಿಗ್ಗಿದ್ದೂ ನೆನಪಿದೆ. ಆಮೇಲೆ ಸೇರಿದ ಭಾರವೂ ಕೂತ ನಮ್ಮಿಬ್ಬರ ತೂಕವೂ ಆ ನಾಲ್ಕು ರಂಧ್ರಗಳನ್ನು ನೀರಿನ ಕೆಳಗೆ ಕೊಂಡೊಯ್ಯುತ್ತವೆ ಎಂಬುದು ಹೊಳೆಯಲಿಲ್ಲ.

ರಂಧ್ರಗಳ ಸುತ್ತ ಧಾರಾಳವಾಗಿ ಸಿಲಿಕೋನ್ ಮೆತ್ತಿದ್ದೆವು. ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಈ ತಪ್ಪನ್ನು ಬಹಳ ಜನ ಮಾಡುತ್ತಾರೆ. ಪಾಲಿಎಥಿಲೀನ್‌ಗೆ ಸಾಮಾನ್ಯ ಅಂಟುಗಳು ಹಿಡಿಯುವುದಿಲ್ಲ. ಅದರ ಮೇಲ್ಮೈಯ ಗುಣವೇ ಹಾಗೆ. ಸಿಲಿಕೋನ್ ಅದರ ಮೇಲೆ ಕೂತಿರುತ್ತದೆಯೇ ಹೊರತು ಕಚ್ಚಿಕೊಂಡಿರುವುದಿಲ್ಲ, ಒಣಗಿದ ಮೇಲೆ ಉಗುರಿನಿಂದ ಎಬ್ಬಿಸಿದರೆ ಪಟ್ಟಿಯಂತೆ ಕಿತ್ತು ಬರುತ್ತದೆ. ಸಾಲದ್ದಕ್ಕೆ ಬಿಸಿಲಿಗೆ ಈ ಪ್ಲಾಸ್ಟಿಕ್ ಹಿಗ್ಗುವ ಪ್ರಮಾಣ ಉಕ್ಕಿಗಿಂತ ಹತ್ತು ಪಟ್ಟಿನಷ್ಟಿದೆ. ಉಕ್ಕಿನ ಚೌಕಟ್ಟು ಒಂದು ಅಳತೆಗೆ ನಿಂತಿದ್ದರೆ, ಅದನ್ನು ಹಿಡಿದ ಪ್ಲಾಸ್ಟಿಕ್ ಗೋಡೆ ಹಗಲು ಹಿಗ್ಗಿ ರಾತ್ರಿ ಕುಗ್ಗುತ್ತದೆ. ಇದರ ಮೇಲೆ ಮೋಟರ್ ಓಡಿದಾಗ ಚೌಕಟ್ಟು ಗೋಡೆಯನ್ನು ಒಮ್ಮೆ ಒತ್ತುತ್ತದೆ, ಒಮ್ಮೆ ಎಳೆಯುತ್ತದೆ. ನಾವು ಒಳಬದಿಗೆ ಅಗಲವಾದ ತಗಡನ್ನಾಗಲಿ, ಬೋಲ್ಟ್‌ಗಳಿಗೆ ರಬ್ಬರ್ ವಾಷರ್‌ಗಳನ್ನಾಗಲಿ ಇಟ್ಟಿರಲಿಲ್ಲ. ಮೂರನೆಯ ಸವಾರಿಯ ಹೊತ್ತಿಗೆ ದುಂಡಾಗಿದ್ದ ರಂಧ್ರಗಳು ಮೊಟ್ಟೆಯಾಕಾರಕ್ಕೆ ತಿರುಗಿದ್ದವು. 10 ಮಿ.ಮೀ. ಅಗಲದ ಒಂದು ರಂಧ್ರ 10 ಸೆಂಟಿಮೀಟರ್ ಆಳದಲ್ಲಿ ಪೂರ್ತಿ ತೆರೆದಿದ್ದರೆ ನಿಮಿಷಕ್ಕೆ ಸುಮಾರು 4 ಲೀಟರ್ ನೀರು ಒಳಬರುತ್ತದೆ. ನಮ್ಮವು ಪೂರ್ತಿ ತೆರೆದಿರಲಿಲ್ಲ, ಬೋಲ್ಟಿನ ಸುತ್ತ ಸಂದು ಮಾತ್ರ ಇತ್ತು, ಅಷ್ಟೇ ಸಾಕಾಯಿತು.

ಒಳಗೆ ಬಂದ ನೀರನ್ನು ಹೊರಹಾಕಲು ಪಂಪ್ ಇತ್ತು. ತಯಾರಕರು ಅದನ್ನು ತೊಟ್ಟಿಯ ಹಿಂಭಾಗದ ತಗ್ಗಿನಲ್ಲಿ ಇಟ್ಟಿದ್ದರು. ಎರಡನೆಯ ಬ್ಯಾಟರಿಗೆ ಆ ಜಾಗ ಬೇಕಾದ್ದರಿಂದ ಪಂಪನ್ನು ಕಿತ್ತು ಮುಂದುಗಡೆಗೆ ಸಾಗಿಸಿದವನು ನಾನೇ. ಮಗುಚಿದ ದಿನ ಬಂಡಿ ಹಿಂದಕ್ಕೆ ವಾಲಿದ್ದರಿಂದ ಒಳಗಿನ ನೀರೆಲ್ಲ ಹಿಂಬದಿಗೆ ಹರಿದು, ನೆಲಹಾಸಿನ ಅಡಿಯಲ್ಲಿ, ಕಣ್ಣಿಗೆ ಕಾಣದಂತೆ ತುಂಬುತ್ತಿತ್ತು. ಪಂಪ್ ಮುಂದುಗಡೆ ಬರೀ ಗಾಳಿ ಹೀರುತ್ತಿತ್ತು. ಬಂಡಿ ಯಾಕೋ ಭಾರವಾಗಿದೆ ಎಂದು ನಾನು ಹೇಳಿದಾಗ ಗೆಳೆಯ, "ಪಂಪು ಓಡ್ತಾ ಇದೆಯಲ್ಲ ಮಾರಾಯ" ಎಂದ. ಹೌದು, ಅದರ ಗುಂಯ್‌ಗುಡುವಿಕೆ ಇಬ್ಬರಿಗೂ ಕೇಳಿಸುತ್ತಿತ್ತು. ಹೊರಗಿನ ಕೊಳವೆಯಿಂದ ನೀರು ಬೀಳುತ್ತಿದೆಯೇ ಎಂದು ಇಬ್ಬರೂ ಬಗ್ಗಿ ನೋಡಲಿಲ್ಲ.

ದಡದತ್ತ ತಿರುಗಿಸಿದ ಕ್ಷಣದಲ್ಲಿ ಎಲ್ಲವೂ ಮುಗಿಯಿತು. ತಟ್ಟೆಯಲ್ಲಿ ನೀರು ತುಂಬಿ ಹೊತ್ತು ನಡೆದವರಿಗೆ ಗೊತ್ತು, ತಟ್ಟೆ ತುಸು ಓರೆಯಾದರೆ ನೀರು ಆ ಬದಿಗೇ ಓಡಿ ಓರೆಯನ್ನು ಹೆಚ್ಚಿಸುತ್ತದೆ. ತೊಟ್ಟಿಯೊಳಗಿನ ನೀರು ಎಡಕ್ಕೆ ಸರಿಯಿತು, ಎಡ ಅಂಚು ನೀರಿಗೆ ತಾಗಿತು, ತಲೆಯ ಮೇಲಿನ 38 ಕಿಲೋ ಉಕ್ಕು ಉಳಿದ ಕೆಲಸವನ್ನು ಮಾಡಿತು. ಮಗುಚಿದ ಬಂಡಿ ತಳಕ್ಕೆ ಹೋಗಲಿಲ್ಲ. ಗಾಳಿ ತುಂಬಿದ ಆರು ಟೈರುಗಳು ಮೇಲಕ್ಕೆ ಬಂದು ಅದನ್ನು ತಲೆಕೆಳಗಾಗಿಯೇ ತೇಲಿಸಿದವು. ನಾವು ಪಂಜರದೊಳಗೆ, ನೀರಿನ ಕೆಳಗೆ, ಸೀಟ್ ಬೆಲ್ಟ್‌ಗಳಲ್ಲಿ ನೇತಾಡುತ್ತಿದ್ದೆವು.

ಬೆಲ್ಟ್‌ಗಳು ಬಂಡಿಯಲ್ಲಿ ಮೊದಲು ಇರಲಿಲ್ಲ. ಪಂಜರವಿದ್ದ ಮೇಲೆ ಬೆಲ್ಟ್ ಇರಲೇಬೇಕು ಎಂಬುದು ಗುಡ್ಡದ ಇಳಿಜಾರಿಗೆ ಸರಿಯಾದ ಮಾತು, ಆದ್ದರಿಂದ ಪಂಜರದ ಜೊತೆಗೇ ಅವನ್ನೂ ನಾವೇ ಹಾಕಿದ್ದೆವು. ನೀರಿಗಿಳಿಯುವ ಮುನ್ನ ಬಿಚ್ಚಬೇಕು ಎಂಬ ಮಾತು ನಮ್ಮಿಬ್ಬರ ನಡುವೆ ಒಮ್ಮೆಯೂ ಬಂದಿರಲಿಲ್ಲ. ಗೆಳೆಯ ತಕ್ಷಣ ಬಿಡಿಸಿಕೊಂಡ. ನಾನು ತೊಟ್ಟಿದ್ದ ಜೀವರಕ್ಷಕ ಜಾಕೆಟ್ ನನ್ನನ್ನು ಮೇಲಕ್ಕೆ, ಅಂದರೆ ಸೀಟಿನ ಕಡೆಗೇ, ಒತ್ತುತ್ತಿದ್ದುದರಿಂದ ಬೆಲ್ಟಿನ ಗುಂಡಿ ಹೊಟ್ಟೆಗೂ ಜಾಕೆಟ್ಟಿಗೂ ನಡುವೆ ಸಿಕ್ಕಿಕೊಂಡಿತ್ತು. ಎಷ್ಟು ಹೊತ್ತು ತಡಕಾಡಿದೆ ಎಂದು ಹೇಳಲಾರೆ. ಹೊರಬಂದ ಮೇಲೆ ಅದೇ ಜಾಕೆಟ್ಟೇ ನನ್ನನ್ನು ತೇಲಿಸಿ ಉಳಿಸಿತು ಎಂಬುದನ್ನೂ ಹೇಳಬೇಕು, ಇಲ್ಲವಾದರೆ ಜಾಕೆಟ್ ಬೇಡವೆಂದು ಯಾರಾದರೂ ತಿಳಿದುಕೊಂಡಾರು.

ಬಂಡಿಯನ್ನು ದಡಕ್ಕೆ ಎಳೆದ ಮೇಲೆ ಅದನ್ನು ಸ್ಟಾರ್ಟ್ ಮಾಡುವ ಆತುರ ಬೇಡ. ಸಿಲಿಂಡರಿನಲ್ಲಿ ನೀರಿದ್ದರೆ ಅದು ಗಾಳಿಯಂತೆ ಅದುಮಿಕೊಳ್ಳುವುದಿಲ್ಲ, ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡೇ ಬಾಗಬಹುದು. ಸ್ಪಾರ್ಕ್ ಪ್ಲಗ್ ಕಳಚಿ ನೀರನ್ನು ಹೊರಹಾಕುವುದು ಮೊದಲ ಕೆಲಸ.

ಈಗಲೂ ಮಾರ್ಪಾಡು ಮಾಡಲೇಬೇಕು ಎನ್ನುವವರು ಪ್ರತಿ ಹೊಸ ಭಾಗ ಸೇರಿದಾಗಲೂ, ಕೂರುವವರ ತೂಕಕ್ಕೆ ಸಮನಾದ ಮರಳಿನ ಮೂಟೆಗಳನ್ನು ಅವರು ಕೂರುವ ಜಾಗದಲ್ಲೇ ಇಟ್ಟು, ಸೊಂಟದಷ್ಟು ನೀರಿನಲ್ಲಿ ಅರ್ಧ ಗಂಟೆ ಬಂಡಿಯನ್ನು ತೇಲಲು ಬಿಡಿ. ನಾಲ್ಕು ಮೂಲೆಗಳಲ್ಲೂ ನೀರಿನಿಂದ ಅಂಚು ಎಷ್ಟು ಮೇಲಿದೆ ಎಂದು ಅಳೆಯಿರಿ, ಆಮೇಲೆ ನೆಲಹಾಸನ್ನು ಎತ್ತಿ ನೋಡಿ. ಹಳೆಯ ಬಂಡಿಯನ್ನು ಕೊಳ್ಳುವವರೂ ಈ ನೆಲಹಾಸನ್ನು ಎತ್ತಿಸದೆ ಹಣ ಕೊಡಬಾರದು. ಹಿಂದಿನ ಮಾಲೀಕರು ಕೊರೆದ ರಂಧ್ರಗಳು ಅಲ್ಲಿಯೇ ಕಾಣುತ್ತವೆ. ನಮ್ಮ ಎಂಟು ರಂಧ್ರಗಳನ್ನು ಅದೇ ಜಾತಿಯ ಪ್ಲಾಸ್ಟಿಕ್ ಕರಗಿಸಿ ಬೆಸೆದು ಮುಚ್ಚಿಸಿದ್ದೇವೆ, ಪಂಪ್ ತನ್ನ ಹಳೆಯ ತಗ್ಗಿಗೆ ಮರಳಿದೆ, ಪಂಜರ ಶೆಡ್ಡಿನ ಗೋಡೆಗೆ ಒರಗಿದೆ. ಅಂದಿನಿಂದ ಬಂಡಿಯನ್ನು ಮೊಣಕಾಲಿಗಿಂತ ಆಳದ ನೀರಿಗೆ ಇಳಿಸಿಲ್ಲ.