ಹ್ಯಾಮ್ ರೇಡಿಯೊಗೆ ಅರ್ಥಿಂಗ್: ಪೈಪೋ, ತಾಮ್ರದ ರಾಡೋ, ಮಾಳಿಗೆಯ ತಂತಿಯೋ?

ಕಲಬುರಗಿಯಲ್ಲಿ ಹೊಸದಾಗಿ ಹ್ಯಾಮ್ ರೇಡಿಯೊ (ಹವ್ಯಾಸಿಗಳು ಪರಸ್ಪರ ಮಾತಾಡುವ ರೇಡಿಯೊ) ಹೂಡುವವರ ಪ್ರಶ್ನೆ ಇದು. ಮೊದಲು ಒಂದು ಮಾತು: ಸಿಡಿಲಿನಿಂದ ಕಾಯುವ ಅರ್ಥಿಂಗ್ ಬೇರೆ, ಅಲೆ ಹೊರಡಿಸಲು ಆಂಟೆನಾಗೆ ಜೋಡಿಯಾಗಿ ಬೇಕಾದ ರೇಡಿಯೊ ನೆಲ ಬೇರೆ. ಮಾಳಿಗೆಯ ಮೇಲೆ ಹರಡುವ ತಂತಿಗಳು ಎರಡನೆಯದನ್ನು ಮಾತ್ರ ಮಾಡುತ್ತವೆ.

ಖರ್ಚು ನೋಡಿದರೆ ಇದ್ದಿಲು, ಉಪ್ಪು ತುಂಬಿದ ಜಿ.ಐ. (ಸತು ಲೇಪಿತ ಕಬ್ಬಿಣದ) ಪೈಪ್ ಅಗ್ಗ, ಊರಿನ ಯಾವ ಎಲೆಕ್ಟ್ರಿಷಿಯನ್ನನಿಗೂ ಗೊತ್ತು. ಆದರೆ ಉಪ್ಪು ಪೈಪನ್ನೇ ತಿನ್ನುತ್ತದೆ, ಬೇಸಿಗೆಯಲ್ಲಿ ನೀರುಣಿಸಬೇಕು. ತಾಮ್ರ ಲೇಪಿತ ರಾಡ್ ದುಬಾರಿ, ಬಾಳಿಕೆ ಹೆಚ್ಚು. ಲೇಪ ತೆಳುವಾಗಿದ್ದರೆ ಕೊಟ್ಟ ಹಣ ದಂಡ.

ನಿಜವಾದ ತೀರ್ಪು ಮಣ್ಣಿನದು. ಎರೆಮಣ್ಣು ಹಸಿಯಿದ್ದಾಗ ವಿದ್ಯುತ್ತನ್ನು ಚೆನ್ನಾಗಿ ಒಯ್ಯುತ್ತದೆ. ಬಿಸಿಲಿಗೆ ಬಿರಿದು ಲೋಹದಿಂದ ದೂರ ಸರಿಯುತ್ತದೆ. ಅಲ್ಲಿ ಆಳಕ್ಕಿಳಿಯುವ ರಾಡ್, ಸುತ್ತ ಬೆಂಟೊನೈಟ್ (ತೇವ ಹಿಡಿದಿಡುವ ಜೇಡಿಮಣ್ಣು) ಒಳ್ಳೆಯದು. ಬೀದರ್‌ನ ಜಂಬಿಟ್ಟಿಗೆ ನೆಲದಲ್ಲಿ ನೀರು ನಿಲ್ಲುವುದಿಲ್ಲ, ಬೆಂಟೊನೈಟ್ ಇನ್ನೂ ಹೆಚ್ಚು ಅಗತ್ಯ. ಶಹಾಬಾದ್ ಕಡೆ ಕೆಳಗೆ ಬಂಡೆ ಸಿಕ್ಕಿದರೆ ರಾಡ್ ಇಳಿಯುವುದೇ ಇಲ್ಲ. ಕಂದಕ ತೋಡಿ ಲೋಹದ ಪಟ್ಟಿಯನ್ನು ಅಡ್ಡಲಾಗಿ ಹೂಳಬೇಕು.

ಬಾಡಿಗೆ ಮನೆಯವರಿಗೆ ಅಂಗಳ ಅಗೆಯುವ ಸ್ವಾತಂತ್ರ್ಯ ಎಲ್ಲಿದೆ? ಅವರಿಗೆ ಮಾಳಿಗೆಯ ತಂತಿಯೇ ಸರಿ: 7 ಮೆಗಾಹರ್ಟ್ಸ್ ಆವರ್ತನಕ್ಕೆ ಸುಮಾರು 10 ಮೀಟರ್, 14ಕ್ಕೆ 5 ಮೀಟರ್ ಉದ್ದದ ನಾಲ್ಕಾರು ಎಳೆಗಳು. ಮನೆ ಬಿಡುವಾಗ ಸುತ್ತಿಕೊಂಡು ಹೋಗಬಹುದು. ಆದರೆ ಈ ತಂತಿ ಸಿಡಿಲಿನಿಂದ ಕಾಯುವುದಿಲ್ಲ, ಗುಡುಗಿನ ಮುನ್ಸೂಚನೆ ಇದ್ದರೆ ಮೊದಲೇ ಆಂಟೆನಾ ಕೇಬಲ್ ಕಳಚಿಡಿ.

ಹೊಸ ರಾಡ್ ಅಥವಾ ಪೈಪ್ ಹಾಕಿದವರು ಅದನ್ನು ಮನೆಯ ಹಳೆಯ ಅರ್ಥಿಂಗ್‌ಗೆ ದಪ್ಪ ತಂತಿಯಿಂದ ಜೋಡಿಸಲೇಬೇಕು. ಬೇರೆಬೇರೆಯಾಗಿ ಬಿಟ್ಟರೆ ಸಿಡಿಲು ಬಡಿದಾಗ ಎರಡರ ನಡುವಿನ ವೋಲ್ಟೇಜ್ ವ್ಯತ್ಯಾಸದಿಂದ ವಿದ್ಯುತ್ ರೇಡಿಯೊದ ಮೂಲಕವೇ ಹರಿಯಬಹುದು.