ಜಾಯಿಂಟ್ ಖಾತೆ ತೆರೆದು 14 ತಿಂಗಳು: ನಮ್ಮಿಬ್ಬರ ಅನುಭವ

ಮೈಸೂರಿನಲ್ಲಿ ನಾವಿಬ್ಬರು ಹೆಂಗಸರು 13 ವರ್ಷದಿಂದ ಸಂಸಾರ ಮಾಡುತ್ತಿದ್ದೇವೆ. ನಾನು ಒಂದು ಕಂಪನಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಇವಳದು ಸ್ವಂತ ಹೊಲಿಗೆ ಅಂಗಡಿ. ಹೆಸರು ಬೇಡ, ಮನೆಯಲ್ಲಿ ಹೇಳುವ ಹಾಗೆ ಇಲ್ಲೂ 'ಇವಳು' ಅಂತಲೇ ಬರೆಯುತ್ತೇನೆ. 2024ರ ನವೆಂಬರ್‌ನಲ್ಲಿ ಒಂದು ಬ್ಯಾಂಕಿನಲ್ಲಿ ಇಬ್ಬರ ಹೆಸರಲ್ಲೂ ಉಳಿತಾಯ ಖಾತೆ ತೆರೆದೆವು. ನಮ್ಮಂಥ ಜೋಡಿಗಳು ಕೇಳುತ್ತಿರುತ್ತಾರೆ, ಖಾತೆ ಕೊಡುತ್ತಾರಾ, ಅದರಿಂದ ಏನು ಉಪಯೋಗ ಅಂತ. ಅವರಿಗೋಸ್ಕರ ಇದನ್ನು ಬರೆಯುತ್ತಿದ್ದೇನೆ. ಖಂಡಿತ ತೆರೆಯಿರಿ. ಆದರೆ ಈ ಖಾತೆಯಿಂದ ಏನೇನು ಆಗುವುದಿಲ್ಲ ಅಂತಲೂ ಗೊತ್ತಿರಲಿ.

ಮೊದಲು ಹೋದ ಶಾಖೆಯಲ್ಲಿ ಫಾರಂ ಕೂಡ ಕೊಡಲಿಲ್ಲ. 'ಗಂಡ ಹೆಂಡತಿ, ಅಣ್ಣ ತಮ್ಮ, ಅಪ್ಪ ಮಕ್ಕಳು, ಅಂಥವರಿಗೆ ಮಾತ್ರ ಮೇಡಂ' ಅಂದರು. ಅದು ತಪ್ಪು. ಜಾಯಿಂಟ್ ಖಾತೆಗೆ ರಕ್ತಸಂಬಂಧ ಬೇಕು ಅಂತ ನಿಯಮವೇ ಇಲ್ಲ. ಅದೂ ಅಲ್ಲದೆ 2024ರ ಆಗಸ್ಟ್ 28ರಂದು ಕೇಂದ್ರ ಹಣಕಾಸು ಸಚಿವಾಲಯ ಬಿಡಿಸಿ ಹೇಳಿತ್ತು: ಕ್ವಿಯರ್ ಸಮುದಾಯದವರು, ಅಂದರೆ ನಮ್ಮಂಥ ಜೋಡಿಗಳೂ ಸೇರಿ, ಜಾಯಿಂಟ್ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಯಾವ ಅಡ್ಡಿಯೂ ಇಲ್ಲ. ಅದಕ್ಕೆ ಒಂದು ವಾರ ಮುಂಚೆ ರಿಸರ್ವ್ ಬ್ಯಾಂಕ್ ಕೂಡ ಬ್ಯಾಂಕುಗಳಿಗೆ ಇದನ್ನೇ ತಿಳಿಸಿತ್ತು. ಸಚಿವಾಲಯದ ಆ ಪ್ರಕಟಣೆಯ ಪ್ರಿಂಟ್ ತೆಗೆದುಕೊಂಡು ಅದೇ ಬ್ಯಾಂಕಿನ ಇನ್ನೊಂದು ಶಾಖೆಗೆ ಹೋದೆವು. ನೀವೂ ಆ ಪ್ರಿಂಟ್ ಇಟ್ಟುಕೊಂಡೇ ಹೋಗಿ.

ಅಲ್ಲಿ ಕೌಂಟರಿನಲ್ಲಿದ್ದ ಹುಡುಗಿ ಅದನ್ನು ಎರಡು ಸಲ ಓದಿದಳು. ಒಳಗೆ ಮ್ಯಾನೇಜರ್‌ಗೆ ತೋರಿಸಿ ಬಂದಳು. ಆಮೇಲೆ ಖಾತೆ ಫಾರಂನ 'ಸಂಬಂಧ' ಅನ್ನುವ ಜಾಗದಲ್ಲಿ ಪೆನ್ನು ಇಟ್ಟುಕೊಂಡು, ದನಿ ಇಳಿಸಿ ಕೇಳಿದಳು, 'ಇಲ್ಲಿ ಏನು ಬರೀಲಿ ಮೇಡಂ?' ನಾನು ಬಾಯಿ ತೆಗೆಯುವ ಮುಂಚೆ ಇವಳು ಅಂದಳು, 'ಸಂಗಾತಿ ಅಂತ ಬರೀರಿ.' ಅವಳು ಬರೆದಳು. 13 ವರ್ಷದಲ್ಲಿ ಬಾಡಿಗೆ ಕರಾರು, ಗ್ಯಾಸ್ ಕನೆಕ್ಷನ್, ಆಸ್ಪತ್ರೆ ಚೀಟಿ, ಎಲ್ಲ ಕಡೆ 'ಸ್ನೇಹಿತೆ' ಅಂತಲೇ ಬರೆಸಿದ್ದೆವು. ಆ ಹುಡುಗಿಗೆ ನನ್ನ ಕಡೆಯಿಂದ ಪೂರ್ತಿ ಅಂಕ.

ಸೇವೆ ಚೆನ್ನಾಗಿದೆ. ಇಬ್ಬರಿಗೂ ಬೇರೆ ಬೇರೆ ಎಟಿಎಂ ಕಾರ್ಡ್. 'ಈದರ್ ಆರ್ ಸರ್ವೈವರ್' ಅಂತ ಮಾಡಿಸಿದ್ದೇವೆ. ಅಂದರೆ ಯಾರು ಬೇಕಾದರೂ ಒಬ್ಬರೇ ಹಣ ತೆಗೆಯಬಹುದು, ಒಬ್ಬರು ಇಲ್ಲವಾದರೆ ಉಳಿದವರಿಗೆ ಬ್ಯಾಂಕ್ ಹಣ ಕೊಡುತ್ತದೆ. ದಿನಸಿ, ಕರೆಂಟು ಬಿಲ್ಲು, ಮನೆ ಕಂತು ಎಲ್ಲ ಇದರಿಂದಲೇ ಹೋಗುತ್ತದೆ.

ಇನ್ನು ಇದು ಎಲ್ಲಿಗೆ ನಿಂತುಹೋಗುತ್ತದೆ ಅನ್ನುವುದು. ಇವಳು ಇಲ್ಲವಾದ ಮೇಲೆ ಬ್ಯಾಂಕ್ ನನ್ನ ಕೈಗೆ ಹಣ ಕೊಟ್ಟರೂ ಇವಳ ಪಾಲು ನನ್ನದಾಗುವುದಿಲ್ಲ. ನಾಮಿನಿಯಾಗಲಿ, ಖಾತೆಯಲ್ಲಿ ಉಳಿದವರಾಗಲಿ, ವಾರಸುದಾರರ ಪರವಾಗಿ ಹಣ ಇಟ್ಟುಕೊಂಡವರು ಅಷ್ಟೇ. ಇವಳಿಗೆ ಅಪ್ಪ ಅಮ್ಮ ಇಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಇವಳ ವಾರಸುದಾರ ಅಣ್ಣ. ಅವರು ಇವಳ ಹತ್ತಿರ ಮಾತು ಬಿಟ್ಟು 9 ವರ್ಷ ಆಯಿತು. ನಾಳೆ ಅವರು ಬಂದು ಇವಳ ಪಾಲಿನ ಹಣ ಕೇಳಿದರೆ ಕೊಡಲೇಬೇಕು. ಇವಳು ನನ್ನ ಹೆಸರಿಗೆ ಉಯಿಲು ಬರೆದಿದ್ದರೆ ಮಾತ್ರ ಆ ಹಣ ನನಗೆ ಉಳಿಯುತ್ತದೆ. ಇದನ್ನು ಬ್ಯಾಂಕಿನವರು ಯಾರೂ ನಮಗೆ ಹೇಳಲಿಲ್ಲ. ಹೇಳಬೇಕಿತ್ತು, ಅಲ್ವಾ? ನಾಮಿನಿ ಮಾಡಿದರೆ ಎಲ್ಲ ಮುಗಿಯಿತು ಅಂತ ಎಷ್ಟು ಜನ ನಿಶ್ಚಿಂತೆಯಾಗಿ ಕೂತಿದ್ದಾರೋ.

ತೆರಿಗೆಯದು ಇನ್ನೊಂದು ಕಥೆ. ಕಳೆದ ವರ್ಷ ಇವಳ ಅಂಗಡಿಗೆ ಎರಡು ಓವರ್‌ಲಾಕ್ ಮಿಷನ್ನು, ಕಟಿಂಗ್ ಟೇಬಲ್ಲು ಬೇಕಾಗಿತ್ತು. ನನ್ನ ಉಳಿತಾಯದಿಂದ 3 ಲಕ್ಷ ಕೊಡುವುದು ಅಂತ ಆಯಿತು. ಗಂಡ ಹೆಂಡತಿಗೆ ಕೊಟ್ಟರೆ ಅದು ಉಡುಗೊರೆ, ಹೆಂಡತಿ ಅದಕ್ಕೆ ತೆರಿಗೆ ಕಟ್ಟಬೇಕಾಗಿಲ್ಲ. ನಾನು ಇವಳಿಗೆ ಕೊಟ್ಟರೆ ಹಾಗಲ್ಲ. ಸಂಬಂಧಿಗಳಲ್ಲದವರಿಂದ ವರ್ಷಕ್ಕೆ 50,000 ರೂಪಾಯಿ ದಾಟಿ ಬಂದ ಉಡುಗೊರೆ ಪೂರ್ತಿ ಇವಳ ಆದಾಯಕ್ಕೆ ಸೇರುತ್ತದೆ. ದಾಟಿದ ಭಾಗ ಮಾತ್ರ ಅಲ್ಲ, ಪೂರ್ತಿ. ನಮ್ಮ ಆಡಿಟರ್ ಒಳ್ಳೆಯವರು. 'ಸಾಲ ಅಂತ ಬರೆದುಕೊಳ್ಳಿಯಮ್ಮ, ಕಂತಿನಲ್ಲಿ ನಿಜವಾಗಿಯೂ ವಾಪಸ್ ಹಾಕಿಸಿಕೊಳ್ಳಿ' ಅಂದರು.

ಛಾಪಾ ಕಾಗದ ತಂದು ಅಡುಗೆಮನೆ ಕಟ್ಟೆಯ ಮೇಲೆ ಇಟ್ಟು ಬರೆದೆವು. 'ಸಾಲ ಕೊಟ್ಟವರು' ನಾನು, 'ಸಾಲ ಪಡೆದವರು' ಇವಳು. ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಇವಳು ಸಹಿ ಹಾಕಿ, ಸೌಟು ತೆಗೆದುಕೊಂಡು ಸಾರು ತಿರುವುತ್ತಾ ನಿಂತಳು, ಸುಮಾರು ಹೊತ್ತು ಮಾತೇ ಆಡಲಿಲ್ಲ. ನನಗೂ ಊಟ ಸೇರಲಿಲ್ಲ. ಈಗ ಪ್ರತಿ ತಿಂಗಳು 5ನೇ ತಾರೀಕು ಇವಳ ಖಾತೆಯಿಂದ ನನ್ನ ಸ್ವಂತ ಖಾತೆಗೆ 8,000 ಬರುತ್ತದೆ. ಈ ಉಡುಗೊರೆ ತೆರಿಗೆಯನ್ನೇ ಪ್ರಶ್ನಿಸಿ 2025ರಲ್ಲಿ ಒಂದು ಜೋಡಿ ಬಾಂಬೆ ಹೈಕೋರ್ಟಿಗೆ ಹೋಗಿದೆ. ಅವರಿಗೆ ಗೆಲುವಾಗಲಿ ಅಂತ ನಾನು ಮನಸಾರೆ ಬಯಸುತ್ತೇನೆ. ಜಾಯಿಂಟ್ ಖಾತೆಯಲ್ಲೂ ಯಾರು ಎಷ್ಟು ಹಾಕಿದರು, ಯಾರಿಗಾಗಿ ಖರ್ಚಾಯಿತು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇವೆ. ನೀವೂ ಬರೆದಿಡಿ.

ಮನೆ ನನ್ನೊಬ್ಬಳ ಹೆಸರಲ್ಲಿದೆ. ಗೃಹಸಾಲಕ್ಕೆ ಇವಳನ್ನು ಸಹ ಅರ್ಜಿದಾರಳಾಗಿ ಸೇರಿಸಲು ಆಗ ಒಪ್ಪಲಿಲ್ಲ. ಕಂತಿನಲ್ಲಿ ಅರ್ಧ ಇವಳದೇ. ಈಗ ಅರ್ಧ ಭಾಗ ದಾನಪತ್ರ ಮಾಡಿಕೊಡೋಣ ಅಂದರೆ, ಕರ್ನಾಟಕದಲ್ಲಿ ಕುಟುಂಬದವರಿಗಾದರೆ ಮುದ್ರಾಂಕ ಶುಲ್ಕ ಕೆಲವೇ ಸಾವಿರ. ಹೊರಗಿನವರಿಗೆ ಗೈಡೆನ್ಸ್ ವ್ಯಾಲ್ಯೂ, ಅಂದರೆ ಆಸ್ತಿಗೆ ಸರ್ಕಾರ ಗೊತ್ತು ಮಾಡಿದ ಬೆಲೆ, ಅದರ ಮೇಲೆ 5%. ಅರ್ಧ ಭಾಗಕ್ಕೆ 20 ಲಕ್ಷ ಅಂತ ಹಿಡಿದರೂ 1 ಲಕ್ಷ. ಅದರ ಮೇಲೆ ಸೆಸ್ಸು, ನೋಂದಣಿ ಶುಲ್ಕ. ಸಾಲದ್ದಕ್ಕೆ ಇವಳಿಗೆ ಆದಾಯ ತೆರಿಗೆ. ಅದಕ್ಕೇ ಕೈಬಿಟ್ಟೆವು.

ನನ್ನ ಪಿಎಫ್‌ಗೂ ಇವಳನ್ನು ನಾಮಿನಿ ಮಾಡಲು ಆಗಲಿಲ್ಲ. ಅಮ್ಮ ನನ್ನ ಆಶ್ರಯದಲ್ಲಿದ್ದಾರೆ. ಪಿಎಫ್ ನಿಯಮದಲ್ಲಿ ಅವರು ಕುಟುಂಬ, ಇವಳು ಅಲ್ಲ. ಆಫೀಸಿನ ಆರೋಗ್ಯ ವಿಮೆಯಲ್ಲಿ ಸಹೋದ್ಯೋಗಿಗಳ ಗಂಡ, ಹೆಂಡತಿ, ಮಕ್ಕಳು ಎಲ್ಲರೂ ಇದ್ದಾರೆ. ಇವಳಿಗೆ ಬೇರೆ ಪಾಲಿಸಿ, ವರ್ಷಕ್ಕೆ 14,000ದ ಮೇಲೆ.

2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ತೀರ್ಪನ್ನು ಅಂಗಡಿಯಲ್ಲಿ ಕೂತು ಫೋನಿನಲ್ಲಿ ನೋಡಿದ್ದೆವು. ಮದುವೆಯ ಹಕ್ಕು ಸಿಗಲಿಲ್ಲ. ನಿಮ್ಮ ತೊಂದರೆ ನೋಡಲು ಸಮಿತಿ ಮಾಡುತ್ತೇವೆ ಅಂತ ಸರ್ಕಾರ ಹೇಳಿತ್ತು. ಆ ದಾರಿಯಲ್ಲಿ ಸಿಕ್ಕಿದ್ದೇ ಈ ಖಾತೆ. ಸಿಕ್ಕಿದ್ದನ್ನು ನಾನು ಕಡಿಮೆ ಅನ್ನುವುದಿಲ್ಲ. ಆದರೆ ಮೇಲೆ ಬರೆದ ಯಾವ ಖರ್ಚೂ ಇದರಿಂದ ತಪ್ಪುವುದಿಲ್ಲ. ಅದಕ್ಕೇ 5ಕ್ಕೆ 3 ಕೊಡುತ್ತೇನೆ.

ಖಾತೆಯ ಜೊತೆಗೇ ಉಯಿಲು ಬರೆಸಿಬಿಡಿ. ಉಯಿಲಿನಿಂದ ಬಂದ ಆಸ್ತಿಗೆ ಆ ಉಡುಗೊರೆ ತೆರಿಗೆ ಇಲ್ಲ. ಸಾಕ್ಷಿಗೆ ಇಬ್ಬರು ಬೇಕು, ಆಸ್ತಿ ಪಡೆಯುವವರು ಸಾಕ್ಷಿ ಹಾಕಬಾರದು. ನಮ್ಮಿಬ್ಬರದೂ ಮುಂದಿನ ವಾರ ರಿಜಿಸ್ಟರ್ ಆಗುತ್ತದೆ. ಸಾಕ್ಷಿ ಕೇಳಲು ಪಕ್ಕದ ಮನೆ ಅಕ್ಕನ ಹತ್ತಿರ ಹೋದಾಗ ನನ್ನ ಕೈ ತಣ್ಣಗಾಗಿತ್ತು. ಅವರು ಹೂ ಕಟ್ಟುತ್ತಾ ಕೂತಿದ್ದರು. ಪೂರ್ತಿ ಕೇಳಿಸಿಕೊಂಡು, 'ಬರ್ತೀನಿ ಕಣಮ್ಮ, ಆಧಾರ್ ತರಬೇಕಾ?' ಅಂದರು.